ಇದ್ದಿಲಿಗೆ ಸಿಗದ ಗಾಳಿ

ತೊಟ್ಟಿ ಕೋಣೆಯ ಬೀಗ ತೆಗೆಯುವ ಮುನ್ನ ದೇವಯ್ಯ ಬಾಯಿಗೆ ಹೊಗೆಸೊಪ್ಪು ಹಾಕಿಕೊಳ್ಳುತ್ತಿದ್ದ. ಎಲೆ, ಸುಣ್ಣ, ಸೊಪ್ಪು ಸೇರಿ ಕೆನ್ನೆಯಲ್ಲಿ ಒಂದು ಉಂಡೆ. ಅದರ ಖಾರ ಗಂಟಲಿಗೆ ಇಳಿಯುವ ಹೊತ್ತಿಗೆ ಬಾಗಿಲು ತೆಗೆದರೆ ಒಳಗಿನ ಖಾರ ಅಷ್ಟಾಗಿ ಗೊತ್ತಾಗುವುದಿಲ್ಲ. ಅವನಿಗಿಂತ ಮೊದಲು ಆ ಕೆಲಸದಲ್ಲಿದ್ದ ಪಾಪಯ್ಯ ಹೇಳಿಕೊಟ್ಟ ಉಪಾಯ ಅದು. ಪಾಪಯ್ಯನಿಗೆ ಮೊದಲು ದನಿ ಹೋಯಿತು, ಆಮೇಲೆ ಉಸಿರು ಹೋಯಿತು. ಉಪಾಯ ಮಾತ್ರ ಉಳಿಯಿತು.

ಒಳಗೆ ಸಿಮೆಂಟಿನ ತೊಟ್ಟಿ. ತೊಟ್ಟಿಯಲ್ಲಿ ಫಾರ್ಮಲಿನ್. ಫಾರ್ಮಲಿನ್ನಿನಲ್ಲಿ ಹೆಣಗಳು. ಚನ್ನರಾಯಪಟ್ಟಣದಿಂದ ಹಿರೀಸಾವೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಒಂದು ಟ್ರಸ್ಟಿನವರು ಕಟ್ಟಿದ ಖಾಸಗಿ ವೈದ್ಯಕೀಯ ಕಾಲೇಜು ಅದು. ಮೊದಲನೇ ವರ್ಷದ ಮಕ್ಕಳು ಹೆಣ ಕೊಯ್ದು ಕಲಿಯಬೇಕು. ಕೊಯ್ಯುವವರೆಗೆ ಹೆಣ ಕೊಳೆಯಬಾರದು. ಕೊಳೆಯಬಾರದೆಂದರೆ ಆ ನೀರು ಬೇಕು. ಆ ನೀರಿಗೆ ಹೆಣ ಇಳಿಸುವುದಕ್ಕೂ ಎತ್ತುವುದಕ್ಕೂ ಒಬ್ಬ ದೇವಯ್ಯ ಬೇಕು. ಇಷ್ಟರಲ್ಲಿ ಸುಲಭವಾಗಿ ಸಿಕ್ಕಿದವನು ದೇವಯ್ಯನೊಬ್ಬನೇ. ಹೆಣ ಸಿಗುವುದು ಕಷ್ಟವಿತ್ತು.

ಕೋಣೆಗೆ ಎರಡು ಕಿಟಕಿ ಇದ್ದವು. ಹಿಂದುಗಡೆ ಹುಡುಗಿಯರ ಹಾಸ್ಟೆಲ್ಲು ಎದ್ದ ಮೇಲೆ, ವಾಸನೆ ಬರುತ್ತದೆಂದು ಅವಕ್ಕೆ ಇಟ್ಟಿಗೆ ಇಟ್ಟು ಮುಚ್ಚಿದರು. ಫ್ಯಾನಿಗೆಂದು ಗೋಡೆಯಲ್ಲಿ ಬಿಟ್ಟಿದ್ದ ದುಂಡನೆಯ ತೂತಿಗೆ ಹಲಗೆ ಬಡಿದರು. ಆಮೇಲೆ ವಾಸನೆ ಎಲ್ಲಿಗೂ ಹೋಗಲಿಲ್ಲ. ಹಗಲೆಲ್ಲ ದೇವಯ್ಯನ ಜೊತೆ ಇರುತ್ತಿತ್ತು. ಸಂಜೆ ಅವನ ಜೊತೆಯಲ್ಲೇ ಅವನ ಊರು ಬಾಗೂರಿನ ಬಸ್ಸು ಹತ್ತುತ್ತಿತ್ತು. ಜನ ಒಬ್ಬರ ಮೇಲೊಬ್ಬರು ನಿಂತಿದ್ದರೂ ಅವನ ಪಕ್ಕದ ಸೀಟು ಖಾಲಿ.

"ಯಜಮಾನ್ರೂ, ಎಲ್ಡು ಟಿಕೀಟ್ ತಗಳಿ. ಎಲ್ಡು ಸೀಟು ಇಡ್ಕಂಡಿದ್ದೀರಿ" ಎಂದು ಹೊಸ ಕಂಡಕ್ಟರೊಬ್ಬ ಒಂದು ಸಲ ತಮಾಷೆ ಮಾಡಿದ್ದ. ಬಸ್ಸೆಲ್ಲ ನಕ್ಕಿತ್ತು. ದೇವಯ್ಯನೂ ನಕ್ಕಿದ್ದ. ಅವತ್ತು ಅವನನ್ನು ಯಾರೋ ಮಾತಾಡಿಸಿದ್ದರು.

ಹೆಂಡತಿ ಅರಕಲಗೂಡಿನಲ್ಲಿದ್ದ ಮಗಳ ಬಾಣಂತನಕ್ಕೆಂದು ಹೋದವಳು, ಮೊಮ್ಮಗು ಎದ್ದು ಓಡಾಡುವ ಹಾಗಾದರೂ ಬಂದಿರಲಿಲ್ಲ. ಎಸ್‌ಟಿಡಿ ಬೂತಿನಿಂದ ಫೋನು ಮಾಡಿದರೆ "ಬತ್ತೀನಿ ಬುಡು, ಏನ್ ಅವ್ಸರ" ಅನ್ನುತ್ತಿದ್ದಳು. ಅವಳನ್ನು ದೂರುವುದಕ್ಕೆ ದೇವಯ್ಯನಿಗೆ ಬಾಯಿ ಬರುತ್ತಿರಲಿಲ್ಲ. ಊರಿನಲ್ಲಿದ್ದಾಗ ಅವಳು ಅವನಿಗೆ ಹಿತ್ತಿಲಲ್ಲಿ ನೀರು ಕಾಯಿಸಿಡುತ್ತಿದ್ದಳು; ಎರಡು ಸಲ ಸೋಪು ಹಾಕಿ ಉಜ್ಜಿಕೊಂಡು ಬಂದರೂ ಚಾಪೆಯನ್ನು ಸ್ವಲ್ಪ ಸ್ವಲ್ಪವೇ ಆಚೆ ಎಳೆದುಕೊಳ್ಳುತ್ತಿದ್ದಳು. ಅವನಿಗೇನೂ ವಾಸನೆ ತಿಳಿಯುತ್ತಿರಲಿಲ್ಲ. ಅವನ ಮೂಗು ಸತ್ತು ಯಾವ ಕಾಲವಾಗಿತ್ತೋ. ಒಲೆಯ ಮೇಲೆ ಸಾರು ಸೀದರೆ ಹೊಗೆ ಕಂಡೇ ಗೊತ್ತಾಗಬೇಕು.

ಇಷ್ಟು ವರ್ಷ ದೇವಯ್ಯನ ಕಣ್ಣಲ್ಲಿ ನೀರು ಸುರಿದರೂ ಕಾಲೇಜಿನಲ್ಲಿ ಗಾಳಿಯ ಮಾತು ಯಾರೂ ಎತ್ತಿರಲಿಲ್ಲ. ಎರಡು ಸಾವಿರದ ಮೂರನೇ ಇಸವಿಯಲ್ಲಿ ಪ್ರಾರ್ಥನಾ ಎಂಬ ಹುಡುಗಿ ಹೆಣದ ಮೇಜಿನ ಪಕ್ಕ ಬವಳಿ ಬಂದು ಬಿದ್ದಳು. ಅವಳ ತಂದೆ ಪಾರ್ಶ್ವನಾಥ ಅವರದು ಹಾಸನದಲ್ಲಿ ದೊಡ್ಡ ಜವಳಿ ಅಂಗಡಿ. ಅವರು ಬಂದು ಆಫೀಸಿನಲ್ಲಿ ದನಿ ಎತ್ತದೆ ಕೇಳಿದರು: "ಒಳಗಿನ ಗಾಳಿ ಟೆಸ್ಟ್ ಮಾಡ್ಸಿದೀರಾ?"

ಕಾಲೇಜಿನಲ್ಲಿ ಗಾಳಿ ಎಂಬುದೊಂದು ಇದೆಯೆಂದು ಅವತ್ತು ಎಲ್ಲರಿಗೂ ತಿಳಿಯಿತು.

ಆಡಳಿತಾಧಿಕಾರಿ ಯೋಗಾನರಸಿಂಹ ಹೊಳೆನರಸೀಪುರದ ದೇವಸ್ಥಾನದ ಮನೆತನದವರು. ಬೇರೊಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿ, ನಿವೃತ್ತರಾಗಿ ಇಲ್ಲಿಗೆ ಬಂದಿದ್ದರು. ಸಜ್ಜನರು. ಯಾರನ್ನೂ ಬೈದವರಲ್ಲ, ಬೈಯುವ ಕೆಲಸಕ್ಕೆ ಬೇರೆಯವರನ್ನು ಇಟ್ಟಿದ್ದರು. ತೊಟ್ಟಿ ಕೋಣೆಯ ಮುಂದಿನ, ಹೆಣ ಕೊಯ್ಯುವ ದೊಡ್ಡ ಹಾಲಿನ ಹೊಸ್ತಿಲನ್ನು ಮಾತ್ರ ಅವರು ಒಮ್ಮೆಯೂ ದಾಟಿರಲಿಲ್ಲ. ದಾಟಿದರೆ ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳಬೇಕು, ಜನಿವಾರ ಬದಲಿಸಬೇಕು. ಆಫೀಸಿನ ಹೊತ್ತಿನಲ್ಲಿ ಇದೆಲ್ಲ ಆಗುವ ಮಾತಲ್ಲ. ಒಳಗಿದ್ದವರಿಗೆ ಏನಾದರೂ ಹೇಳುವುದಿದ್ದರೆ ಕಾರಿಡಾರಿನ ಆಚೆ ಗೋಡೆಗೆ ಆತು ನಿಂತು ಕೂಗಿ ಹೇಳುತ್ತಿದ್ದರು.

ಗಾಳಿ ಪರೀಕ್ಷೆಯ ಸುದ್ದಿ ಕೇಳಿ ದೇವಯ್ಯ ಅವರಿದ್ದಲ್ಲಿಗೆ ಹೋಗಿ ದೂರ ನಿಂತ.

"ಸಾ, ಗಾಳಿ ಕೆಟ್ಟದೆ ಅಂತ ಬಂದ್ರೆ?"

"ಬಂದ್ರೆ ಫ್ಯಾನು ಹಾಕ್ಸಲೇಬೇಕಯ್ಯ. ನಿನಗೂ ವಯಸ್ಸಾಯ್ತು, ಗೇಟಿಗೆ ಹಾಕೋಣ. ಒಳಗಡೆ ಪಾಳಿ ಮೇಲೆ ಇನ್ನೊಬ್ಬರನ್ನ ಬಿಡೋಣ."

"ಕೆಟ್ಟಿಲ್ಲ ಅಂತ ಬಂದ್ರೆ?"

"ಆವಾಗ ನಿನ್ನ ಕೆಮ್ಮು ಹೊಗೆಸೊಪ್ಪಿಂದು ಅಂತಾಯ್ತು."

ಗೇಟು ಎಂದರೆ ಬಯಲು. ಅಲ್ಲೊಂದು ಹೊಂಗೆಮರ, ಮರದ ಕೆಳಗೊಂದು ಸ್ಟೂಲು. ಬರುವವರು ಹೋಗುವವರು ಗೇಟು ತೆಗೆಸುವುದಕ್ಕಾದರೂ ಮಾತಾಡಿಸಬೇಕು. ಅಲ್ಲಿ ಕೂತರೆ ಒಂದು ಮಳೆಗಾಲಕ್ಕೆ ಮೈ ತೊಳೆದುಹೋದೀತು. ಆಮೇಲೆ ಅರಕಲಗೂಡಿಗೆ ಹೋಗಿ, ಬಾ ಎಂದು ಹೆಂಡತಿಯನ್ನು ಧೈರ್ಯವಾಗಿ ಕರೆಯಬಹುದು. ಗಾಳಿ ಕೆಟ್ಟಿರಲಪ್ಪ ದೇವರೇ ಎಂದು ಬೇಡಿಕೊಂಡ ಮನುಷ್ಯ ಜಿಲ್ಲೆಯಲ್ಲಿ ಅವನೊಬ್ಬನೇ ಇದ್ದಿರಬೇಕು.

"ಏನ್ ದೇವಣ್ಣ, ಗೇಟಿಗೋಯ್ತೀಯಂತೆ. ನಮ್ಮುನ್ನ ಮರ್ತ್ಬುಡ್ತೀಯ ಕಣ" ಎಂದಳು ಕಾರಿಡಾರು ಗುಡಿಸುವ ಮುದ್ದಮ್ಮ.

"ನೀನೇನ್ ಇಷ್ಟ್ ದಿನ ಒಳಿಕ್ ಬಂದು ಮಾತಾಡ್ಸಿದ್ಯಾ?"

"ಒಳಿಕ್ ಬರಾಕೆ ನಾನೇನ್ ಸತ್ತಿದ್ನಾ?"

ಲ್ಯಾಬಿನವನು ಹಾಸನದಿಂದ ಬೈಕಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಬಂದ. ಕ್ಯಾಂಡಿ ಮಾರುವವನೆಂದು ತಿಳಿದು ಮುದ್ದಮ್ಮ ಅವನನ್ನು ಕ್ಯಾಂಟೀನಿನ ದಾರಿಗೆ ಕಳಿಸಿದಳು. ಸುತ್ತಿಕೊಂಡು ಬಂದ. ಮಹಾವೀರ್ ಎಂದು ಹೆಸರು, ಶ್ರವಣಬೆಳಗೊಳದ ಕಡೆಯವನು, ಎಂಎಸ್ಸಿ ಮಾಡಿದ್ದ. ನೇರವಾಗಿ ತೊಟ್ಟಿ ಕೋಣೆಗೆ ನುಗ್ಗಿದವನು ಅಷ್ಟೇ ನೇರವಾಗಿ ಈಚೆ ಬಂದು, ಹಾಲಿನ ನಡುವೆ ನಿಂತು ಕಣ್ಣೊರೆಸಿಕೊಂಡ.

"ಯಜಮಾನ್ರೇ, ಇದರೊಳಗೆ ದಿನಾ ಇರ್ತೀರಾ?"

"ಇರ್ತೀನಿ ಸಾ."

"ಟೆಸ್ಟ್ ಯಾಕೆ ಬೇಕು ಇದಕ್ಕೆ" ಎಂದು ಮಹಾವೀರ್ ತನ್ನಷ್ಟಕ್ಕೆ ಅಂದುಕೊಂಡ. ಆಮೇಲೆ ಎರಡು ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಎರಡರಲ್ಲೂ ಬೆರಳುದ್ದದ ಗಾಜಿನ ನಳಿಕೆಗಳು. ಒಂದು ಡಬ್ಬಿಯ ನಳಿಕೆಗಳೊಳಗೆ ಕರೀ ಹುಡಿ. ಐಸಿನಿಂದ ತೆಗೆದ ಇನ್ನೊಂದರೊಳಗೆ ಕಿತ್ತಳೆ ಬಣ್ಣದ ಹರಳು.

"ಇದೇನ್ ಸಾ ಎಲ್ಡು?"

"ಕರೀದು ಇದ್ದಿಲು. ಪೇಂಟು, ತಿನ್ನರು, ಪೆಟ್ರೋಲು, ಆ ಥರದ ಗಾಳೀನೆಲ್ಲ ಗಟ್ಟಿಯಾಗಿ ಹಿಡ್ಕೊಳ್ಳತ್ತೆ. ಫಾರ್ಮಲಿನ್ ಗಾಳಿ ಇದಕ್ಕೆ ಸಿಗಲ್ಲ. ಈ ಕಡೆ ಹೊಕ್ಕು ಆ ಕಡೆ ಹೋಗ್ಬಿಡತ್ತೆ."

"ಕೆಂಪಂದು?"

"ಇದಕ್ಕೆ ಔಷಧಿ ಬಳ್ದಿರ್ತಾರೆ. ಫಾರ್ಮಲಿನ್ ತಗುಲಿದ್ರೆ ಬಿಡಲ್ಲ. ಬಿಸಿಲಿಗೆ ಕೆಡತ್ತೆ, ಅದಕ್ಕೇ ಐಸಲ್ಲಿ ತಂದಿದ್ದು."

"ದೊಡ್ ಕಣ್ಣಿನ್ ಬಲೇಲಿ ಮರಿ ಮೀನು ಜಾರ್ಕಂಡೋಯ್ತದಲ್ಲ, ಅಂಗೆ."

"ಹಾಗೇ ಅಂದ್ಕೊಳ್ಳಿ."

"ಅಂಗಾರೆ ಕರೀದ್ಯಾಕ್ ತಂದ್ರಿ?"

"ಗಾಳಿ ಪರೀಕ್ಷೆ ಅಂತಷ್ಟೇ ಆರ್ಡರ್ ಕೊಟ್ಟಿದ್ರು. ಯಾವ ಗಾಳಿ ಅಂತ ಹೇಳಿರ್ಲಿಲ್ಲ. ನಾನೇ ಎರಡೂ ಇಟ್ಕೊಂಡು ಬಂದೆ."

ಮಹಾವೀರ್ ಕೆಂಪು ನಳಿಕೆಯ ಎರಡು ತುದಿ ಮುರಿದು ರಬ್ಬರ್ ಕೊಳವೆಗೆ ಸಿಕ್ಕಿಸಿದ. ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಪಂಪನ್ನು ದೇವಯ್ಯನ ಸೊಂಟಕ್ಕೆ ಕಟ್ಟಿದ. ಕೊಳವೆಯನ್ನು ಬೆನ್ನ ಮೇಲಿನಿಂದ ಹೆಗಲಿಗೆ ತಂದು, ನಳಿಕೆಯನ್ನು ಕಾಲರಿಗೆ ಕ್ಲಿಪ್ಪು ಹಾಕಿ ನಿಲ್ಲಿಸಿದ. ಮೂಗಿನ ಹತ್ತಿರ ಇರಬೇಕಂತೆ, ಸಂಜೆಯವರೆಗೆ. ಕಾಲರು ಮಡಚಿಕೊಂಡಿತ್ತು, ಮಹಾವೀರ್ ಅದನ್ನು ಬೆರಳಿನಿಂದ ಬಿಡಿಸಿ ನೆಟ್ಟಗೆ ಮಾಡಿದ. ದೇವಯ್ಯ ಅಲುಗದೆ ನಿಂತ. ಇನ್ನೊಬ್ಬ ಮನುಷ್ಯನ ಕೈ ತನ್ನ ಕೊರಳ ಹತ್ತಿರ ಬಂದದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ನೋಡಿದ. ನೆನಪಿಗೆ ಬರಲಿಲ್ಲ. ಕ್ಲಿಪ್ಪು ಇನ್ನೊಂದು ಸಲ ಸಡಿಲವಾದರೆ ಚೆನ್ನಾಗಿತ್ತು ಅನಿಸಿತು.

ಅಷ್ಟರಲ್ಲಿ ಕಾರಿಡಾರಿನ ಗೋಡೆಯ ಹತ್ತಿರ ಯೋಗಾನರಸಿಂಹರ ಕೆಮ್ಮು ಕೇಳಿಸಿತು.

"ಏನಪ್ಪಾ, ಯಾವುದು ಹಾಕ್ತಿದೀಯ?"

"ಕೋಟೆಡ್ ಟ್ಯೂಬ್ ಸರ್. ಫಾರ್ಮಾಲ್ಡಿಹೈಡ್‌ಗೆ."

"ಚಾರ್‌ಕೋಲ್ ತಂದಿಲ್ವೇ?"

"ತಂದಿದೀನಿ ಸರ್. ಅದರಲ್ಲಿ ಫಾರ್ಮಾಲ್ಡಿಹೈಡ್ ನಿಲ್ಲಲ್ಲ."

"ಅದನ್ನ ಪಾಠ ಹೇಳಿದವನಯ್ಯ ನಾನು. ಗೊತ್ತು. ಸ್ವಲ್ಪ ಈಚೆ ಬಾ, ಮಾತಾಡೋಣ."

ಮಹಾವೀರ್ ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟ. ಯೋಗಾನರಸಿಂಹರು ನಾಲ್ಕು ಹೆಜ್ಜೆ ಹಿಂದೆ ಸರಿದರು.

"ಅಲ್ಲೇ ಇರು, ಅಲ್ಲೇ ಇರು. ಒಳಗೆ ಮುಟ್ಟಿದೀಯಲ್ಲ. ಅಲ್ಲಿಂದ್ಲೇ ಹೇಳು."

ಇಂಥ ಮಾತನ್ನು ಆಫೀಸಿನಲ್ಲಿ ಬಾಗಿಲು ಹಾಕಿಕೊಂಡು ಆಡುವುದು ಎಲ್ಲ ಕಡೆಯ ರೂಢಿ. ಇಲ್ಲಿ ಇವರು ಒಳಗೆ ಬರುವ ಹಾಗಿಲ್ಲ, ಅವನು ಹತ್ತಿರ ಹೋಗುವ ಹಾಗಿಲ್ಲ. ಕಿವಿಯಲ್ಲಿ ಹೇಳಬೇಕಾದ್ದನ್ನು ಮಡಿಯ ದೆಸೆಯಿಂದ ಕಾರಿಡಾರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಬೇಕಾಯಿತು.

"ಚಾರ್‌ಕೋಲ್‌ನಲ್ಲಿ ಪೇಂಟು ಪೆಟ್ರೋಲಿನ ಬೆಂಜೀನು, ಟಾಲ್ಯೂಯಿನ್ನು ನೋಡ್ತೀರಲ್ಲವೆ?"

"ಹೌದು ಸರ್. ಆದ್ರೆ ಅವು ಯಾವ್ದೂ ಇಲ್ಲಿರಲ್ಲ."

"ಇಲ್ಲ ಅಂತಲೇ ಬರಿ. ಅದು ಸುಳ್ಳಲ್ಲವಲ್ಲ?"

"ಸುಳ್ಳಲ್ಲ ಸರ್. ಆದ್ರೆ..."

"ಸುಳ್ಳು ಬರಿ ಅಂತ ನಾನು ಯಾರಿಗೂ ಹೇಳೋನಲ್ಲಪ್ಪ. ನಮ್ಮ ಟ್ರಸ್ಟಿನ ಬೇರೆ ಕಾಲೇಜುಗಳದ್ದೂ ಇದೆ, ನೀರಿಂದು, ಮಣ್ಣಿಂದು. ಎಲ್ಲ ನಿಮ್ಮ ಲ್ಯಾಬಿಗೇ ಕೊಡೋಣ ಅಂತಿದೀನಿ. ಆ ಕೆಂಪು ತೆಗಿ. ಕರೀದು ಹಾಕು."

ಮುದ್ದಮ್ಮನ ಪೊರಕೆ ನಿಂತಿತ್ತು. ದೇವಯ್ಯ ಹಾಲಿನ ನಡುವೆ ಪಂಪು ಕಟ್ಟಿಕೊಂಡು ನಿಂತೇ ಇದ್ದ. ಯೋಗಾನರಸಿಂಹರು ಇವರಿಬ್ಬರನ್ನೂ ನೋಡಿದ್ದರು. ಆದರೆ ಅವರ ಎಣಿಕೆಯಲ್ಲಿ ಪೊರಕೆ ಹಿಡಿದವಳೂ ಹೆಣ ಎತ್ತುವವನೂ ತೊಟ್ಟಿಯಲ್ಲಿ ಮಲಗಿದವರೂ ಒಂದೇ ಗುಂಪು: ಯಾರೂ ಎದುರು ಮಾತಾಡುವವರಲ್ಲ.

ಮಹಾವೀರ್ ಒಳಗೆ ಬಂದ. ದೇವಯ್ಯನ ಮುಖ ನೋಡದೆ ಕಾಲರಿನಿಂದ ಕೆಂಪು ನಳಿಕೆ ಬಿಡಿಸಿ, ಕರೀದರ ತುದಿ ಮುರಿದು ಕೊಳವೆಗೆ ಸಿಕ್ಕಿಸತೊಡಗಿದ.

"ದೊಡ್ ಕಣ್ಣಿಂದ್ ಆಕ್ತೀರಾ ಸಾ?"

"ನಾನೂ ಕೆಲಸಕ್ಕಿರೋನು ಯಜಮಾನ್ರೇ."

"ಆಕಳಿ. ಅದ್ನ ನನ್ ಮೈಮ್ಯಾಲೇ ಯಾಕ್ ಆಕ್ಬೇಕು?"

"ಕೆಲಸಗಾರನ ಉಸಿರಿನ ಹತ್ತಿರದ ಗಾಳಿ ಅಂತ ಬರೀಬೇಕು. ನಿಯಮ."

"ಕೆಲಸಗಾರ ಅಂದ್ರೆ ನಾನೇಯ?"

"ಹೂಂ."

ದೇವಯ್ಯ ಸೊಂಟದ ಪಟ್ಟಿ ಬಿಚ್ಚಿದ. ಪಂಪನ್ನು, ಕೊಳವೆಯನ್ನು, ಹೊಸದಾಗಿ ಮುರಿದಿದ್ದ ಕರೀ ನಳಿಕೆಯನ್ನು ಜೋಪಾನವಾಗಿ ಮೇಜಿನ ಮೇಲಿಟ್ಟ.

"ನನ್ ಉಸ್ರು ಅಂತ ಅದ್ನ ಬರೀಬ್ಯಾಡಿ ಸಾ."

"ಏನಂತೆ ಅವನದು?" ಎಂದು ಗೋಡೆಯ ಕಡೆಯಿಂದ ಕೇಳಿತು.

"ಬ್ಯಾಡ್ವಂತೆ ಸಾ" ಎಂದಳು ಮುದ್ದಮ್ಮ.

"ದೇವಯ್ಯ, ಹಠ ಮಾಡ್ಬೇಡವೋ. ಒಂದು ದಿನ ಕಟ್ಟಿಕೊಂಡ್ರೆ ಸವೆದುಹೋಗ್ತೀಯಾ?"

ದೇವಯ್ಯನಿಗೆ ಕೆಮ್ಮು ಹತ್ತಿತು. ಅವನು ಕೆಮ್ಮಿ ಮುಗಿಸುವವರೆಗೆ ಯೋಗಾನರಸಿಂಹರು ತಾಳ್ಮೆಯಿಂದ ಕಾದರು. ಆಮೇಲೆ ಹಾಲಿನ ಮೂಲೆಯ ಕಡೆ ಬೆರಳು ತೋರಿಸಿದರು.

"ಅದಕ್ಕೆ ಕಟ್ಟಯ್ಯ. ಎತ್ತರ ಸರಿಯಾಗಿದೆ."

ಮೂಲೆಯಲ್ಲಿ ಕಬ್ಬಿಣದ ಕಂಬಿಗೆ ತೂಗುಹಾಕಿದ ಅಸ್ಥಿಪಂಜರವಿತ್ತು. ಕಲ್ಕತ್ತೆಯಿಂದ ತರಿಸಿದ್ದು. ಹುಡುಗರು ಅದನ್ನು ಭಾವ ಎಂದು ಕರೆಯುತ್ತಿದ್ದರು. ಮಹಾವೀರ್ ಭಾವನ ಸೊಂಟದ ಎಲುಬಿಗೆ ಪಂಪು ಕಟ್ಟಿ, ಕೊರಳೆಲುಬಿಗೆ ಕರೀ ನಳಿಕೆ ಸಿಕ್ಕಿಸಿದ. ಪಂಪು ಗುಂಯ್ ಅನ್ನತೊಡಗಿತು. ಅವತ್ತು ಸಂಜೆಯವರೆಗೆ ಆ ಕಟ್ಟಡದಲ್ಲಿ ಲೆಕ್ಕಕ್ಕೆ ಬರುವ ಹಾಗೆ ಉಸಿರಾಡಿದ್ದು ಅದೊಂದೇ.

ದೇವಯ್ಯ ಎಂದಿನಂತೆ ಕೆಲಸ ಮಾಡಿದ. ಮಧ್ಯಾಹ್ನ ಹುಡುಗರೆಲ್ಲ ಊಟಕ್ಕೆ ಹೋದಾಗ ಭಾವನ ಎದುರು ಕೂತು ಬುತ್ತಿ ಬಿಚ್ಚಿದ. ಗುಂಯ್ ಗುಂಯ್ ಸದ್ದು ಕೇಳುತ್ತ ಮುದ್ದೆ ನುಂಗಿದ. "ನಿಂಗೆ ಕೆಮ್ಮಿಲ್ಲ ಬುಡು" ಎಂದ. ಊಟದ ಹೊತ್ತಿನಲ್ಲಿ ಎದುರಿಗೆ ಏನೋ ಒಂದು ಸದ್ದು ಇದ್ದದ್ದು, ನಿಜ ಹೇಳಬೇಕೆಂದರೆ, ಅವನಿಗೆ ಹಿತವಾಗಿಯೇ ಇತ್ತು.

ವರದಿ ಬಂತು. ಕೆಲಸಗಾರನ ಉಸಿರಾಟದ ವಲಯದಲ್ಲಿ ಪರೀಕ್ಷಿಸಿದ ಯಾವ ಹಾನಿಕಾರಕ ಆವಿಯೂ ಪತ್ತೆಯಾಗಿಲ್ಲ ಎಂದಿತ್ತು. ಕೆಲಸಗಾರ ಎಂಬ ಒಂದು ಮಾತು ಬಿಟ್ಟರೆ ಅಕ್ಷರ ಅಕ್ಷರವೂ ಸತ್ಯ. ಅದಕ್ಕೆ ಪ್ಲಾಸ್ಟಿಕ್ಕು ಹಾಕಿಸಿ ಆಫೀಸಿನ ನೋಟೀಸು ಬೋರ್ಡಿನಲ್ಲಿ ನೇತುಹಾಕಿದರು. ಪಾರ್ಶ್ವನಾಥ ಅವರು ಬಂದು ಕನ್ನಡಕ ಹಾಕಿಕೊಂಡು ಓದಿದರು. ಅಂಗಡಿಯಲ್ಲಿ ಬೆರಳಿನಿಂದ ಉಜ್ಜಿ ನೋಡದೆ ಬಟ್ಟೆಯ ಒಂದು ಥಾನನ್ನೂ ಕೊಳ್ಳದ ಮನುಷ್ಯ ಗಾಳಿಯನ್ನು ಓದಿ ನೋಡಿ ಒಪ್ಪಿಕೊಂಡರು.

ದೇವಯ್ಯ ಆಫೀಸಿನ ಬಾಗಿಲಲ್ಲಿ ನಿಂತು ಕೇಳಿದ: "ಫ್ಯಾನು ಸಾ?"

"ಗಾಳಿ ಚೆನ್ನಾಗಿದೆ ಅಂತ ಬಂದಮೇಲೆ ಟ್ರಸ್ಟಿನ ಮುಂದೆ ಯಾವ ಮುಖ ಇಟ್ಕೊಂಡು ಫ್ಯಾನು ಕೇಳಲಯ್ಯ? ಗೇಟಿಗೂ ಸಣ್ಣಯ್ಯನ್ನ ಹಾಕಿಯಾಯ್ತು."

"ಸಾ, ಅವತ್ತು ನೀವು ಕೂಗಿದ್ದು ನಂಗೆ ಕೇಳುಸ್ತು."

ಯೋಗಾನರಸಿಂಹರು ತಲೆಯೆತ್ತಿ ನೋಡಿದರು. ಸಿಟ್ಟೇನೂ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕು ಎನ್ನುವ ಹಾಗೆ ಕೇಳಿದರು:

"ಕೇಳಿಸ್ತು, ಸರಿ. ಯಾರಿಗೆ ಹೇಳ್ತೀಯ?"

ದೇವಯ್ಯ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ. ಬಾಗೂರಿನಲ್ಲಿ ಯಾರ ಜಗಲಿಗೆ ಹೋದರೂ ಕೂತಿದ್ದವರು ಒಬ್ಬೊಬ್ಬರೇ ಏಳುತ್ತಾರೆ. ಬೂತಿಗೆ ಹೋಗಿ ಅರಕಲಗೂಡಿಗೆ ಫೋನು ಹಚ್ಚಿದ.

"ಮ್ವಾಸ ಮಾಡ್ಬುಟ್ರು ಕಣೆ."

"ಯಾರು?"

"ಗಾಳಿ ಅಳ್ಯಾಕ್ ಬಂದಿದ್ದೋರು."

"ಗಾಳಿ ಯಾರಾನ ಅಳೀತಾರಾ? ಕುಡಿದಿದ್ದೀಯಾ? ಮಗಾ ಅಳ್ತದೆ, ಮಡುಗ್ತೀನಿ."

ಮಾರನೆಯ ವಾರ ಹೊಸ ವರ್ಷದ ಅಡ್ಮಿಷನ್ನು ಶುರುವಾಯಿತು. ಆಫೀಸಿನ ಬೆಂಚುಗಳ ತುಂಬ ತಂದೆತಾಯಿಗಳು. ಅದೇ ದಿನ ದೇವಯ್ಯನಿಗೆ ಜಾಡಿಗಳ ಫಾರ್ಮಲಿನ್ ನೀರು ಬದಲಿಸುವ ಕೆಲಸವಿತ್ತು: ಮೂತ್ರಪಿಂಡ, ಗುಂಡಿಗೆ, ಮೆದುಳು ಮುಳುಗಿಸಿಟ್ಟ ಗಾಜಿನ ಜಾಡಿಗಳು. ಅವನು ಅವನ್ನೆಲ್ಲ ತಳ್ಳುಗಾಡಿಯಲ್ಲಿ ಜೋಡಿಸಿದ. ಅಗಲ ಬಾಯಿಯ ಎರಡು ಬೋಸಿ ಇಟ್ಟುಕೊಂಡ. ಗಾಡಿ ತೊಟ್ಟಿ ಕೋಣೆಯ ಕಡೆ ತಿರುಗಲಿಲ್ಲ. ಕಾರಿಡಾರು ಹಿಡಿದು ನೇರವಾಗಿ ಆಫೀಸಿಗೆ ಬಂತು.

ನೋಟೀಸು ಬೋರ್ಡಿನ ಕೆಳಗೆ ಬೋಸಿ ಇಟ್ಟು ದೇವಯ್ಯ ಕುಕ್ಕರುಗಾಲಲ್ಲಿ ಕೂತ. ಮೊದಲ ಜಾಡಿಯ ಮುಚ್ಚಳ ತಿರುಗಿಸಿ ನೀರು ಬಗ್ಗಿಸಿದ.

"ಲೇ, ಏನೋ ಇದು, ಇಲ್ಲಿ?" ಎಂದ ಗುಮಾಸ್ತ.

"ನೀರ್ ಬದ್ಲಾಯುಸ್ತಿವ್ನಿ ಸಾ."

"ಅದಕ್ಕೆ ಕೋಣೆ ಇಲ್ವೇನೋ?"

"ಅಲ್ಲಿ ಬೆಳಕಿಲ್ಲ. ಇಂಗೆಲ್ಲ ಮಾಡುದ್ರೆ ಏನೂ ಆಗಾಕಿಲ್ಲ ಸಾ. ಗಾಳೀಲಿ ಏನೂ ಇಲ್ಲ ಅಂತ ಮ್ಯಾಲೆ ಬರ್ದದಲ್ಲ."

ಎರಡನೇ ಜಾಡಿ ಬಗ್ಗಿಸುವ ಹೊತ್ತಿಗೆ ಗುಮಾಸ್ತನ ಕಣ್ಣಲ್ಲಿ ನೀರು. ಬೆಂಚಿನ ಮೇಲೆ ಒಬ್ಬ ತಾಯಿ ಸೆರಗು ಮೂಗಿಗೆ ಹಿಡಿದಳು. ಹುಡುಗನೊಬ್ಬನ ತಂದೆ ಎದ್ದು ನಿಂತು, "ಏನ್ ಸರ್ ಇದು, ಕಣ್ಣು ಬಿಡೋಕಾಗ್ತಿಲ್ಲ. ಮಕ್ಕಳು ಇದರಲ್ಲಾ ಓದೋದು?" ಎಂದರು.

ಯೋಗಾನರಸಿಂಹರು ತಮ್ಮ ಮೇಜಿನ ಹಿಂದಿನಿಂದ ಎದ್ದರು. ಅವರ ಕಣ್ಣೂ ಸುರಿಯುತ್ತಿತ್ತು. ಉರಿಯುತ್ತಿದೆ ಎಂದರೆ ಗೋಡೆಯ ಮೇಲಿನ ಕಾಗದ ಸುಳ್ಳಾಗುತ್ತದೆ. ಉರಿಯುತ್ತಿಲ್ಲ ಎಂದರೆ ಕೂತಿರಬೇಕಾಗುತ್ತದೆ. ಎರಡನ್ನೂ ಹೇಳದೆ, ಬೋಸಿಗೆ ಸುತ್ತುಹಾಕಿ, ಪಂಚೆ ಎತ್ತಿ ಹಿಡಿದು ಹೊರಗೆ ನಡೆದರು. ಅವರ ಹಿಂದೆ ಆಫೀಸೆಲ್ಲ ಹೊರಗೆ ಬಂತು.

ಅಂಗಳದಲ್ಲಿ ನಿಂತು ಅವರು ಗೇಟಿನ ಸಣ್ಣಯ್ಯನನ್ನು ಕೂಗಿದರು. "ಹೋಗಿ ಅದನ್ನೆಲ್ಲ ಆಚೆ ತಗೊಂಡು ಬಾರೋ."

ಸಣ್ಣಯ್ಯ ಬಾಗಿಲವರೆಗೆ ಹೋದ. ಕಣ್ಣುಜ್ಜಿಕೊಂಡು ವಾಪಸು ಬಂದ. "ನಂದು ಗೇಟು ಸಾ" ಎಂದ.

"ಮುದ್ದಮ್ಮಾ, ನೀನಾದ್ರೂ ಹೋಗೇ."

ಮುದ್ದಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಕರೀದು ಆಕು ಅಂತ ಅವತ್ತು ಕೂಗುದ್ರಲ್ಲ ಸಾ, ನಾನೂ ಅಲ್ಲೇ ಇದ್ದೆ."

"ಏನದು? ಏನು ಕರೀದು?" ಎಂದರು ಕಣ್ಣೊರೆಸಿಕೊಳ್ಳುತ್ತಿದ್ದ ಆ ತಂದೆ.

"ಗಾಳಿ ಇಡಿಯೋ ಕೊಳ್ವೆ ಸಾ. ಕೆಂಪುಂದು ಆಕುದ್ರೆ ಈ ಉರಿ ಸಿಕ್ತದಂತೆ, ಕರೀದ್ರಲ್ಲಿ ಸಿಗಾಕಿಲ್ವಂತೆ. ನಮ್ ಸಾಯೇಬ್ರು ಕರೀದು ಆಕ್ಸುದ್ರು. ಅದ್ನೂ ಈ ದೇವಣ್ಣನಿಗಲ್ಲ, ಮೂಳೆಗೆ ಕಟ್ಸುದ್ರು. ಬನ್ನಿ, ತೋರುಸ್ತೀನಿ, ಆ ಮೂಳೆ ಇನ್ನೂ ಅಲ್ಲೇ ತೂಗಾಡ್ತಾ ಅದೆ."

ತಂದೆತಾಯಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಯೋಗಾನರಸಿಂಹರು ಯಾರ ಮುಖವನ್ನೂ ನೋಡಲಿಲ್ಲ. ಕಿಟಕಿಯ ಗಾಜಿನೊಳಗೆ ದೇವಯ್ಯನೊಬ್ಬನೇ ಕಾಣುತ್ತಿದ್ದ, ಖಾಲಿ ಕುರ್ಚಿಗಳ ನಡುವೆ. ಗಾಜಿನ ಜಾಡಿಗಳನ್ನು ಸಾಲಾಗಿ ಇಟ್ಟುಕೊಂಡು ಕೆಮ್ಮುತ್ತಿದ್ದ.

"ದೇವಯ್ಯಾ, ಈಚೆ ಬಾರಯ್ಯ. ಕೂತು ಮಾತಾಡೋಣ."

ಒಳಗಿನಿಂದ ದನಿ ಬಂತು. ಒಡೆದ ದನಿ, ಆದರೂ ಅಂಗಳಕ್ಕೆಲ್ಲ ಕೇಳಿತು.

"ಕೇಳುಸ್ತಾ ಇಲ್ಲ ಸಾ. ಒಳಿಕ್ ಬಂದು ಯೋಳಿ."

ಯೋಗಾನರಸಿಂಹರು ಕದಲಲಿಲ್ಲ. ದೇವಯ್ಯ ಇನ್ನೊಂದು ಜಾಡಿಯ ಮುಚ್ಚಳ ತಿರುಗಿಸಿದ.